ಒಂದು ದಿನ ಕಡಿಮೆ

"ಹನ್ನೊಂದು ತಿಂಗಳು, ಇಪ್ಪತ್ತೊಂಬತ್ತು ದಿನ," ಎಂದು ಕಿಟಕಿಯಾಚೆ ಕೂತಿದ್ದ ಗುಮಾಸ್ತೆ ಟ್ಯಾಮಿ ಕಂಪ್ಯೂಟರ್ ನೋಡಿ ಓದಿದಳು. "ಇದು ಫೆಲನಿ ಅಲ್ವಲ್ಲ ಯಜಮಾನ್ರೇ, ದೊಡ್ಡ ಕೇಸಲ್ಲ! ಚಿಕ್ಕ ಕೇಸು. ಮಿಸ್‌ಡಿಮೀನರ್."

ಡೆಲ್ಬರ್ಟ್ ಕಿಟಕಿಗೆ ಇನ್ನಷ್ಟು ಬಗ್ಗಿದ. ವಯಸ್ಸಾದವರಿಗೆ ಸರ್ಕಾರ ಕೊಡುವ ಮನೆಗೆ ಅರ್ಜಿ ಹಾಕಲು ಹಳೆಯ ಶಿಕ್ಷೆಯ ನಕಲು ಬೇಕಿತ್ತು. ಅದಕ್ಕೆಂದು ಟೆನ್ನೆಸ್ಸಿಯ ಆ ಕೋರ್ಟಿನ ಕಚೇರಿಗೆ ಬೆಳಿಗ್ಗೆಯೇ ಬಂದು ಕೂತಿದ್ದ.

"ಒಂದು ವರ್ಷ ಒಳಗಿದ್ದೆ ಕಣಮ್ಮ. ಫೆಲನಿ ಅಂತ ಇಡೀ ಊರೇ ಅಂತಿತ್ತು."

"ಊರಿನೋರು ಅಂದಿದ್ದನ್ನೆಲ್ಲ ನಾವು ಫೈಲಿಗೆ ಹಾಕಲ್ಲ. ಮೊದ್ಲು ದೊಡ್ಡ ಕೇಸೇ ಹಾಕಿದ್ರು, ನಿಮ್ಮ ವಕೀಲ ಇಳಿಸಿದಾನೆ. ವರ್ಷಕ್ಕೆ ಒಂದು ದಿನ ಕಡಿಮೆ ಇದ್ರೆ ಚಿಕ್ಕದು. ಅವ್ನು ಹೇಳ್ಲಿಲ್ವಾ?"

ಹೇಳಿದ್ದನೋ ಏನೋ. ಮೂವತ್ತಾರು ವರ್ಷಗಳ ಹಿಂದೆ ಮರದ ಮಿಲ್ಲಿನ ಮೇಸ್ತ್ರಿಯ ದವಡೆ ಮುರಿದು ಕೋರ್ಟಿಗೆ ಬಂದಿದ್ದಾಗ, ಸರ್ಕಾರ ಕೊಟ್ಟ ವಕೀಲ ವರಾಂಡದಲ್ಲಿ ಐದು ನಿಮಿಷ ಮಾತಾಡಿ, "ಇಳಿಸಿದೀನಿ, ಸೈನ್ ಹಾಕು" ಎಂದಿದ್ದ. ಇಳಿಸಿದ್ದು ಜೈಲಿನ ದಿನಗಳನ್ನು ಎಂದುಕೊಂಡು ಡೆಲ್ಬರ್ಟ್ ಸೈನ್ ಹಾಕಿದ್ದ.

ಫೆಲನಿಯಾದವನು ಬಂದೂಕು ಇಟ್ಟುಕೊಳ್ಳುವಂತಿಲ್ಲ, ಓಟು ಹಾಕುವಂತಿಲ್ಲ. ಹೊರಗೆ ಬಂದವನೇ ಅಪ್ಪನ ಬೇಟೆಯ ಬಂದೂಕನ್ನು ತಮ್ಮನಿಗೆ ಕೊಟ್ಟುಬಿಟ್ಟ. ಪ್ರತಿ ಚುನಾವಣೆಯ ದಿನವೂ ಮನೆಯಲ್ಲೇ ಕೂತ. ಹಾಳಾಗಲಿ, ಅವೆಲ್ಲ ದೊಡ್ಡ ಸಂಗತಿಯಲ್ಲ. ಅವನು ಮದುವೆಯಾಗಬೇಕೆಂದಿದ್ದ ಓಪಲ್ ಇದ್ದಳಲ್ಲ. ಅವಳಿಗೆ ಮಕ್ಕಳಾಗುವುದಿಲ್ಲವೆಂದು ಡಾಕ್ಟರು ಹೇಳಿದ್ದರು. ದಿಕ್ಕಿಲ್ಲದ ಮಕ್ಕಳನ್ನು ತಂದು ಸಾಕುವುದೊಂದೇ ಅವಳ ಹಂಬಲ. ಫೆಲನಿ ಇರುವ ಗಂಡಸಿನ ಮನೆಗೆ ಸರ್ಕಾರ ಮಕ್ಕಳನ್ನು ಕೊಡುವುದಿಲ್ಲವೆಂದು ಜೈಲಿನಲ್ಲಿ ಯಾರೋ ಹೇಳಿದ್ದರು. ಈ ಕಾರಣ ಹೇಳಿದರೆ ಓಪಲ್ ಆ ಆಸೆಯನ್ನೇ ಬಿಟ್ಟು ತನ್ನನ್ನು ಕಟ್ಟಿಕೊಳ್ಳುತ್ತಾಳೆ ಎಂದು ಡೆಲ್ಬರ್ಟ್‌ಗೆ ಗೊತ್ತಿತ್ತು. "ನಿನ್ನ ಮೇಲೆ ಮನಸ್ಸಿಲ್ಲ" ಎಂದುಬಿಟ್ಟ. ಅವಳು ಬೇರೆಯವನನ್ನು ಮದುವೆಯಾದಳು, ಐದು ಮಕ್ಕಳನ್ನು ಸಾಕಿದಳು. ಈಗ ಭಾನುವಾರ ಚರ್ಚಿನಲ್ಲಿ ಅವರಿಗೇ ಎರಡು ಬೆಂಚು ಬೇಕು. ಡೆಲ್ಬರ್ಟ್ ಕಡೆಯ ಬೆಂಚಿನಲ್ಲಿ ಒಬ್ಬನೇ ಕೂತು ಅವರ ಬೆನ್ನು ನೋಡುತ್ತಾನೆ.

"ಓಟಿನ ಫಾರಂ ಕೊಡ್ಲಾ? ಇಷ್ಟು ವರ್ಷಾನೂ ಹಾಕ್ಬಹುದಿತ್ತು ಬಿಡಿ," ಎಂದು ಟ್ಯಾಮಿ ನಕ್ಕಳು. "ನಾಳೆ ಕೋರ್ಟಲ್ಲಿ ಜ್ಯೂರಿಯಾಗಿ ಕೂರೋಕೆ ಕರೆದ್ರೆ ಮಾತ್ರ ನನ್ನ ಬೈಬೇಡಿ."

ಅವನಿಗೆ ನಗು ಬರಲಿಲ್ಲ. ಯಾರ ಮೇಲೆ ಕೂಗಾಡುವುದು? ವಕೀಲ ಸತ್ತು ಎಷ್ಟೋ ಕಾಲವಾಗಿತ್ತು.

"ಇದನ್ನ ಈಗ ಯಾರಿಗಾದ್ರೂ ಹೇಳ್ಬೇಕೇನಮ್ಮ?"

"ಯಾರಿಗೆ ಹೇಳ್ತೀರಿ?"

"ಯಾರಿಗೂ ಇಲ್ಲ ಬಿಡು."

ಫಾರಂ ಹಿಡಿದು ಗೋಡೆಯ ಪಕ್ಕದ ಬೆಂಚಿನಲ್ಲಿ ಕೂತ. ಹೆಸರು, ವಿಳಾಸ, ಹುಟ್ಟಿದ ದಿನ. ಕೆಳಗೆ ಒಂದು ಪ್ರಶ್ನೆ: ಫೆಲನಿಯಲ್ಲಿ ಶಿಕ್ಷೆಯಾಗಿದೆಯೇ? ಬರೆದು ಮುಗಿಸಿ ಕಿಟಕಿಗೆ ತಂದುಕೊಟ್ಟ.

ಟ್ಯಾಮಿ ಕಣ್ಣಾಡಿಸಿ ತಲೆಯೆತ್ತಿದಳು. "ಯಜಮಾನ್ರೇ, 'ಹೌದು' ಅಂತ ಗುರುತು ಹಾಕಿದೀರಲ್ಲ."

ಅವನು ಬಗ್ಗಿ ನೋಡಿದ. ಹೌದು, ಅವನೇ ಹಾಕಿದ್ದ, ಒತ್ತಿ.

"ಇನ್ನೊಂದು ಕೊಡಮ್ಮ."

ಅವಳು ಹೊಸ ಫಾರಂ ಕೊಟ್ಟು, ಹಳೆಯದನ್ನು ಹರಿಯಲು ಎರಡೂ ಕೈಯಲ್ಲಿ ಹಿಡಿದಳು. ಡೆಲ್ಬರ್ಟ್ ಅದನ್ನು ಮೆಲ್ಲನೆ ಈಸಿಕೊಂಡು, ನಾಲ್ಕಾಗಿ ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡ.