ಕಾಪುವಿನಲ್ಲಿ ಮರಳುಗಾಡಿನ ಡೇರೆ

ಸುಕೇಶಣ್ಣ ದುಬೈಯಿಂದ ತಂದ ಡೇರೆಯೊಳಗೆ ಹತ್ತು ನಿಮಿಷ ಕುಳಿತದ್ದಕ್ಕೆ ನಾನು ಇಡ್ಲಿ ಬೇಯಿಸುವ ಅಟ್ಟದ ಮುಚ್ಚಳದಂತೆ ನೀರು ಸುರಿಸತೊಡಗಿದೆ. ಅಲ್ಲಿ ಚಳಿಗಾಲದಲ್ಲಿ ಮರಳುಗಾಡಿಗೆ ಹೋಗಿ ಮಲಗುತ್ತಾರಂತೆ. ಆ ಚಳಿಗೆಂದೇ ಹೊಲಿದ ಎರಡು ಪದರದ ಡೇರೆ. ಅಣ್ಣ ಅದನ್ನು ಮೇ ತಿಂಗಳಲ್ಲಿ, ಕಾಪುವಿನ ಕಡಲ ಬದಿಯ ಪ್ಯಾಟ್ರಿಕ್ ಅಂಕಲ್‌ನ ತೆಂಗಿನ ತೋಟದಲ್ಲಿ ಹೂಡಿದ್ದ.

ಒಮ್ಮೆ ಕಡಲ ಬದಿಯಲ್ಲಿ ಮಲಗುವ ಎಂದು ಎಂಟು ವರ್ಷಗಳಿಂದ ಹೇಳುತ್ತಿದ್ದ. ನಾಳೆ ಸಂಜೆ ಅವನ ವಿಮಾನ. ರಜೆಯೆಲ್ಲ ಕಾರ್ಕಳದ ಮದುವೆ, ಪರ್ಕಳದ ನೆಂಟರು ಎಂದು ಮುಗಿದು, ನನ್ನ ಪಾಲಿಗೆ ಉಳಿದದ್ದು ಈ ಒಂದು ರಾತ್ರಿ.

“ಯಶು, ಇದು ಆಗುವ ಕೆಲಸ ಅಲ್ಲ ಮಾರಾಯ್ತಿ. ಮನೆಯಲ್ಲಿ ಎಸಿ ಉಂಟಲ್ವಾ?”

“ಡೇರೆ ತಂದದ್ದು ನೀನು.”

“ಬಾಗಿಲು ಕಡಲಿಗೆ ಇರಲಿ, ಸೂರ್ಯಾಸ್ತ ಕಾಣಬೇಕು ಅಂದದ್ದು ನೀನು. ಕಂಡಿತಲ್ಲ? ಇನ್ನು ಹೋಗುವ.”

ಸೂರ್ಯ ಮುಳುಗಿದ್ದೇ ತಡ ಗಾಳಿ ನಿಂತಿತ್ತು. ಅಣ್ಣ ಕಾರಿನಲ್ಲಿ ಎಸಿ ಹಾಕಿ ಕುಳಿತ. ಒಂಬತ್ತೂವರೆಯವರೆಗೆ ನೋಡುತ್ತಾನಂತೆ, ಆಮೇಲೆ ಮನೆಗೆ.

ಚಿಕ್ಕಂದಿನಲ್ಲಿ ನನಗೆ ಕಥೆ ಹೇಳುತ್ತಿದ್ದ ಕುಶಲಾ ಅಜ್ಜಿಗೆ ಸಿಟ್ಟಿನಲ್ಲಿ ಫೋನ್ ಮಾಡಿ, ಎರಡು ಪದರದ ಡೇರೆ, ಮೆತ್ತನೆಯ ಹಾಸಿಗೆ, ಸೆಕೆ ಎಲ್ಲ ಹೇಳಿಕೊಂಡೆ.

“ಬಾಗಿಲು ಎತ್ತ ಉಂಟು?” ಎಂದರು.

“ಪಡುವಿಗೆ. ಕಡಲಿಗೆ.”

“ನಿನಗೆ ಕಥೆ ಹೇಳಿದ್ದು ದಂಡ.”

ಯಾವ ಕಥೆ ಎಂದು ಕೇಳಬೇಕಾಗಿರಲಿಲ್ಲ. ಗಾಳಿಯೆಂಬ ಹೆಣ್ಣಿಗೆ ತವರು ಮೂಡಣದ ಘಟ್ಟ, ಗಂಡನ ಮನೆ ಕಡಲು. ಹಗಲು ತವರಿಗೆ ಓಡುತ್ತಾಳೆ, ರಾತ್ರಿ ಗಂಡನ ಮನೆಗೆ ಮರಳುತ್ತಾಳೆ. ನಡುವೆ ಮುಸ್ಸಂಜೆಗೆ ಸೀರೆ ಬದಲಿಸಲು ನಿಲ್ಲುತ್ತಾಳೆ, ಆಗ ಒಂದೆಲೆಯೂ ಅಲ್ಲಾಡದು. ಅವಳ ಸೀರೆಯ ಬಣ್ಣ ಯಾವುದೆಂದು ನಾನು ಎಷ್ಟೋ ಸಲ ಕೇಳಿದ್ದೆ. ನಿಜವೋ ಎಂದು ಮಾತ್ರ ಕೇಳಿರಲಿಲ್ಲ.

“ಅದು ಕಥೆ ಅಲ್ವಾ ಅಜ್ಜಿ?”

“ಬೇಸಗೆಯಲ್ಲಿ ಅಂಗಳದಲ್ಲಿ ಮಲಗಿದವಳು ನಾನು. ಮೇಲಿನ ಹೊದಿಕೆ ತೆಗಿ. ಬಾಗಿಲು ಮೂಡಿಗೆ ತಿರುಗಿಸು, ಹಿಂದಿನ ಕಿಟಕಿಯೂ ತೆರೆದಿರಲಿ. ಆ ಮೆತ್ತನೆಯ ಹಾಸಿಗೆ ಕಾರಿಗೆ ಹಾಕು, ಚಾಪೆ ಸಾಕು. ಮೈ ಒರೆಸುವ ಬೈರಾಸು ಒದ್ದೆ ಮಾಡಿ ಕುತ್ತಿಗೆಗೆ ಸುತ್ತಿಕೊ.”

ಎಂಟು ಗೂಟ ಕಿತ್ತು ಎಂಟು ಗೂಟ ಹೊಡೆದೆ. ಅಣ್ಣ ಗಾಜು ಇಳಿಸಲೂ ಇಲ್ಲ. ಹಾಸಿಗೆಯನ್ನು ಹಿಂದಿನ ಸೀಟಿಗೆ ತುರುಕುವಾಗ ಮಾತ್ರ, “ಪ್ಯಾಕಿಂಗ್ ಶುರುವಾ?” ಎಂದ. ಬಾಗಿಲು ದಡಾರನೆ ಹಾಕಿದೆ.

ಸೊಳ್ಳೆಪರದೆಯ ಹಿಂದೆ ಚಾಪೆಯ ಮೇಲೆ ಕುಳಿತು ಕಾದೆ. ಈ ಹೆಣ್ಣಿಗೆ ಸೀರೆ ಉಡಲು ಎಷ್ಟು ಹೊತ್ತು? ಒಂಬತ್ತೂವರೆಗೆ ಕಾರಿನ ದೀಪ ಹೊತ್ತಿ ನೇರ ನನ್ನ ಮುಖಕ್ಕೆ ಬಡಿಯಿತು. ಎದ್ದೆ. ಗೂಟಕ್ಕೆ ಕೈ ಹಾಕಿದೆ.

ಕುತ್ತಿಗೆಯ ಒದ್ದೆ ಬೈರಾಸು ತಣ್ಣಗಾಯಿತು. ಪರದೆ ಒಳಕ್ಕೆ ಉಬ್ಬಿತು. ರಸ್ತೆಯಾಚೆ ಯಾರದೋ ಮನೆಯಲ್ಲಿ ಬಂಗುಡೆ ಮೀನು ಹುರಿಯುವ ವಾಸನೆ ಮೂಡಿನಿಂದ ಡೇರೆಯೊಳಗೆ ನುಗ್ಗಿ, ಕಿಟಕಿಯಿಂದ ಕಡಲಿಗೆ ಹೋಯಿತು.

“ಅಣ್ಣ, ದೀಪ ಆರಿಸು. ಐದು ನಿಮಿಷ ಬಂದು ಕೂತು ನೋಡು.”

ಗೊಣಗುತ್ತ ಬಂದ. ಕೂರಲಿಲ್ಲ, ಬಾಗಿಲಿನ ಪಕ್ಕದ ಒಳ್ಳೆಯ ಜಾಗದಲ್ಲೇ ಉದ್ದಕ್ಕೆ ಬಿದ್ದುಕೊಂಡ.

“ಪರವಾಗಿಲ್ಲ ಮಾರಾಯ್ತಿ” ಎಂದ.

ಎಂಟು ವರ್ಷದ ಮಾತು ಕೂಡಿಟ್ಟಿದ್ದೆ. ಎಲ್ಲಿಂದ ಶುರು ಮಾಡಲಿ ಎಂದು ಯೋಚಿಸುವಷ್ಟರಲ್ಲಿ ಗೊರಕೆ ಕೇಳಿಸಿತು. ಒಮ್ಮೆ ಕಾಲಲ್ಲಿ ತಿವಿದೆ. ಆಚೆ ಹೊರಳಿದ, ಅಷ್ಟೆ. ಬೈರಾಸನ್ನು ಮತ್ತೊಮ್ಮೆ ಒದ್ದೆ ಮಾಡಿ ಅವನ ಕುತ್ತಿಗೆಗೆ ಹಾಕಿ, ಉಳಿದ ಗಾಳಿಯಲ್ಲಿ ನಾನೂ ಮಲಗಿದೆ.