ಹನ್ನೆರಡು ಕಡಿಮೆ

ಆ ವಾರ್ಡ್ ಕಚೇರಿಯಲ್ಲಿ ಜನ ನನ್ನನ್ನು ಎದುರಿಗೆ ಮೇಡಂ ಎನ್ನುತ್ತಿದ್ದರು, ಬೆನ್ನ ಹಿಂದೆ ಠಸ್ಸೆ ಮೇಡಂ. ಠಸ್ಸೆ ಒತ್ತುವಾಗ ನಾನು ಕುರ್ಚಿಯಿಂದ ಅರ್ಧ ಎದ್ದು, ಎರಡೂ ಕೈ ಹಾಕಿ ಒತ್ತುತ್ತಿದ್ದೆ. ಹಾಗೆ ಬಂದ ಹೆಸರು. "ಮೇಡಂ ಒತ್ತಿದ್ರೆ ಮೇಜಿನ ಮೇಲೂ ಮೂಡುತ್ತೆ" ಎಂದು ಜಗಲಿಯಲ್ಲಿ ಕುಳಿತವರು ನಗುತ್ತಿದ್ದುದು ನನಗೂ ಕೇಳಿಸುತ್ತಿತ್ತು.

ಕಚೇರಿ ಎಂದರೆ ಎರಡು ಕೋಣೆ, ಒಂದು ಜಗಲಿ. ಮುಂದಿನ ಕೋಣೆಯಲ್ಲಿ ಕಂಬಿ ಹಾಕಿದ ಕೌಂಟರು, ಹಿಂದಿನದರಲ್ಲಿ ಕಡತಗಳು ಮತ್ತು ಚಹಾದ ಸ್ಟೌ. ನನ್ನ ಜೊತೆಗಿದ್ದವಳು ಒಬ್ಬಳೇ, ಬೀಗದಕ್ಕ. ಕಚೇರಿಯ ಬೀಗದಕೈ ಹನ್ನೊಂದು ವರ್ಷದಿಂದ ಅವಳ ಸೊಂಟದಲ್ಲಿತ್ತು. ಕೆಲಸ ಮಾತ್ರ ಅಷ್ಟೂ ವರ್ಷ ಗುತ್ತಿಗೆಯದೇ. ಕಾಗದದ ಮೇಲೆ ಅವಳು ಅಟೆಂಡರು, ನಿಜದಲ್ಲಿ ಅರ್ಧ ಕಚೇರಿ. ಯಾವ ಅರ್ಜಿಗೆ ಏನು ಲಗತ್ತಿಸಬೇಕು, ಯಾವ ಬೀದಿಯ ದೀಪ ಎಂದಿನಿಂದ ಉರಿಯುತ್ತಿಲ್ಲ, ಯಾವ ಅಜ್ಜನಿಗೆ ಎಡಗಿವಿಯಲ್ಲಿ ಹೇಳಿದರೆ ಮಾತ್ರ ಕೇಳಿಸುತ್ತದೆ, ಎಲ್ಲ ಅವಳಿಗೆ ಬಾಯಿಪಾಠ.

ನನ್ನ ಮನೆ ಊರಿನ ಇನ್ನೊಂದು ತುದಿಯಲ್ಲಿತ್ತು. ಎರಡು ಬಸ್ಸು ಬದಲಾಯಿಸಬೇಕು. ಹೋಗುವುದಕ್ಕೆ ಒಂದೂವರೆ ಗಂಟೆ, ಬರುವುದಕ್ಕೆ ಅದಕ್ಕಿಂತ ಹೆಚ್ಚು. ಗಂಡನಿಗೆ ಔಷಧಿ ಗೋದಾಮಿನಲ್ಲಿ ಪಾಳಿ ಕೆಲಸ. ಒಂಬತ್ತು ವರ್ಷದ ಮಗಳು ಮೂರೂವರೆಗೆ ಶಾಲೆಯಿಂದ ಬಂದರೆ, ನಾನು ಬರುವ ಏಳೂವರೆಯವರೆಗೆ ಮೆಟ್ಟಿಲ ಮೇಲೆ ಕುಳಿತಿರುತ್ತಿದ್ದಳು. ಪಕ್ಕದ ಮನೆಯವರು ಒಳಗೆ ಕರೆದರೂ ಹೋಗುತ್ತಿರಲಿಲ್ಲ. ನಗರಸಭೆಯ ಮುಖ್ಯ ಕಚೇರಿಯಾದರೋ ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿ. ಅಲ್ಲಿಗೆ ವರ್ಗ ಕೇಳಿ ಮೂರು ಸಲ ಅರ್ಜಿ ಹಾಕಿದ್ದೆ. ಮೂರು ಸಲವೂ 'ಪರಿಶೀಲಿಸಲಾಗುವುದು' ಎಂಬ ಉತ್ತರ ಬಂದಿತ್ತು.

ಆ ವರ್ಷ ಸರ್ಕಾರದಿಂದ ಹೊಸ ಆದೇಶ ಬಂತು. ತಿಂಗಳಿಗೆ ಇನ್ನೂರೈವತ್ತಕ್ಕಿಂತ ಕಡಿಮೆ ಜನ ಸೇವೆ ಪಡೆಯುವ ವಾರ್ಡ್ ಕಚೇರಿಗಳನ್ನು ಮುಚ್ಚಿ, ಮುಖ್ಯ ಕಚೇರಿಯ ಜೊತೆ ಸೇರಿಸಬೇಕು. ಬಂದವರು ಸಹಿ ಹಾಕುವ ಪುಸ್ತಕದಿಂದ ಒಂದು ತಿಂಗಳ ಲೆಕ್ಕ ತೆಗೆದು ಕಳಿಸಬೇಕು. ಕಾಯಂ ಸಿಬ್ಬಂದಿಗೆ ಮುಖ್ಯ ಕಚೇರಿಯಲ್ಲಿ ಜಾಗ ಕೊಡುತ್ತಾರೆ, ಗುತ್ತಿಗೆಯವರ ಗುತ್ತಿಗೆ ಅಲ್ಲಿಗೆ ಮುಗಿಯುತ್ತದೆ.

ಆದೇಶ ವಿವರಿಸಲು ಎಲ್ಲ ವಾರ್ಡಿನ ಗುಮಾಸ್ತರನ್ನು ಸಭೆಗೆ ಕರೆದಿದ್ದರು. ಪಕ್ಕದಲ್ಲಿ ಕುಳಿತ ಹಿರಿಯ ಗುಮಾಸ್ತರೊಬ್ಬರು ನನ್ನ ಕಿವಿಯಲ್ಲಿ, "ನಮ್ಮ ವಾರ್ಡಲ್ಲಿ ಸತ್ತವರೂ ಎದ್ದು ಬಂದು ಸಹಿ ಹಾಕ್ತಾರೆ, ನೋಡ್ತಿರಮ್ಮ" ಎಂದರು. ನಾನು ನಕ್ಕೆ. ಆಮೇಲೆ ಎದ್ದು ನಿಂತು ಅಧಿಕಾರಿಗಳನ್ನು ಕೇಳಿದೆ.

"ಸರ್, ಬರೀ ಏನಾದ್ರೂ ಕೇಳ್ಕೊಂಡು ಹೋಗೋಕೆ ಬರ್ತಾರಲ್ಲ, ಅವರನ್ನೂ ಬರೀಬೇಕಾ?"

"ಅದನ್ನ ನೀವೇ ನೋಡ್ಕೊಳ್ಳಿ. ಸೇವೆ ಅಂದ್ರೆ ಸೇವೆ" ಎಂದರು ಅವರು, ಕೈಗಡಿಯಾರ ನೋಡುತ್ತಾ.

ನಾನೇ ನೋಡಿಕೊಂಡೆ. ಕೇಳಲು ಬಂದವರನ್ನು ಬರೆಯುವುದಿಲ್ಲ ಎಂದು ಬಸ್ಸಿನಲ್ಲಿ ಬರುವಾಗಲೇ ತೀರ್ಮಾನಿಸಿದ್ದೆ. ನಮ್ಮಂಥ ಕಚೇರಿಗೆ ಬರುವವರಲ್ಲಿ ಕಾಲು ಭಾಗ ಅಂಥವರೇ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಅವರಿಗೆ ಬಾಯಲ್ಲೇ ಉತ್ತರ ಕೊಟ್ಟು, ಕೆಲವರ ಅರ್ಜಿಯನ್ನೂ ತುಂಬಿಸಿಕೊಟ್ಟು, ಪುಸ್ತಕ ಮಾತ್ರ ಅವರ ಕಡೆ ತಿರುಗಿಸದೆ ಕಳಿಸಿದೆ. ಇಬ್ಬರು ಮೂವರಿಗೆ "ಮುಂದಿನ ತಿಂಗಳು ಬನ್ನಿ, ಅವಸರ ಏನಿಲ್ಲ" ಎಂದೂ ಹೇಳಿದೆ. ಅವಸರ ನಿಜವಾಗಿಯೂ ಇರಲಿಲ್ಲ. ಹಾಗೆಂದು ನನಗೆ ನಾನೇ ಹೇಳಿಕೊಂಡೆ.

ತಿಂಗಳ ಕೊನೆಯ ದಿನ ಸಂಜೆ ಲೆಕ್ಕ ಕೂಡಿದಾಗ ಇನ್ನೂರ ಮೂವತ್ತೆಂಟು ಬಂತು.

ಬೀಗದಕ್ಕ ಲೋಟ ತೊಳೆಯುತ್ತಿದ್ದವಳು ಕೈ ಒರೆಸಿಕೊಂಡು ಬಂದು ಪುಸ್ತಕದೊಳಗೆ ಇಣುಕಿದಳು.

"ಎಷ್ಟಾಯ್ತು ಮೇಡಂ?"

"ಹನ್ನೆರಡು ಕಡಿಮೆ."

"ಅಷ್ಟೇನಾ! ಬರೀರಿ ಮತ್ತೆ. ಬೆಳಿಗ್ಗೆ ಬಂದಿತ್ತಲ್ಲ ಬಸುರಿ ಹೆಂಗಸು, ಅದೊಂದು. ನಿನ್ನೆ ಆ ಲಾರಿ ಡ್ರೈವರ್ರು, ಅವನ ತಮ್ಮ. ಮೊನ್ನೆ ನಳದ ವಿಷಯ ಕೇಳೋಕೆ ಒಂದು ಬೀದಿಗೆ ಬೀದಿನೇ ಬಂದಿತ್ತು."

"ಅವರೆಲ್ಲ ಕೇಳೋಕೆ ಬಂದೋರು ಅಕ್ಕಾ. ಸೇವೆ ಅಲ್ಲ ಅದು."

"ಕೇಳಿದ್ದಕ್ಕೆ ಹೇಳಿದ್ರಲ್ಲ ನೀವು? ಮತ್ತೇನದು?"

ನಾನು ಪುಸ್ತಕ ಮುಚ್ಚಿದೆ. "ನೋಡಿ ಅಕ್ಕಾ, ಸುಳ್ಳು ಲೆಕ್ಕ ಬರೆಯೋಕೆ ನನ್ ಕೈ ಬರಲ್ಲ. ಬೇರೆಯವರು ಏನಾದ್ರೂ ಮಾಡ್ಕೊಳ್ಳಲಿ. ನನಗೆ ಸತ್ಯ ಮುಖ್ಯ."

ಅವಳು ನನ್ನ ಮುಖವನ್ನೇ ಒಂದು ಗಳಿಗೆ ನೋಡಿದಳು. ಅವಳ ಕಿವಿ ಕೆಂಪಾಗಿತ್ತು. "ನಿಮಗೆ ತಿಳಿದ ಹಾಗೆ ಮಾಡಿ ಮೇಡಂ" ಎಂದು ಹೇಳಿ ಲೋಟ ತೊಳೆಯಲು ಹೋದಳು.

ಮುಂದಿನ ತಿಂಗಳು ಪಟ್ಟಿ ಹೊರಬಂತು. ಹದಿನಾಲ್ಕು ವಾರ್ಡ್ ಕಚೇರಿಗಳಲ್ಲಿ ಮುಚ್ಚಿದ್ದು ನಮ್ಮದೊಂದೇ. ಉಳಿದ ಹದಿಮೂರರಲ್ಲೂ ಲೆಕ್ಕ ಇನ್ನೂರೈವತ್ತರ ಮೇಲೆ ನಾಲ್ಕೋ ಐದೋ. ಯಾವ ವಾರ್ಡಿನ ಸತ್ತವರು ಎಷ್ಟು ಸಹಿ ಹಾಕಿದ್ದರೋ! ಮತ್ತೊಂದು ಸಭೆಯಲ್ಲಿ ಅಧಿಕಾರಿಗಳು ನನ್ನನ್ನು ಎಬ್ಬಿಸಿ ನಿಲ್ಲಿಸಿ, "ಇರೋದನ್ನ ಇದ್ದ ಹಾಗೆ ಬರೆದವರು ಇವರೊಬ್ಬರೇ" ಎಂದು ಎಲ್ಲರಿಂದ ಚಪ್ಪಾಳೆ ತಟ್ಟಿಸಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನನಗೆ ಹೆಗಲು ಮುಟ್ಟಿಕೊಳ್ಳುವ ಧೈರ್ಯವೂ ಆಗಲಿಲ್ಲ. ಕೈ ಮುಗಿದು ಕುಳಿತೆ.

ಕಡತಗಳನ್ನು ಟೆಂಪೋಗೆ ಏರಿಸಿದ ದಿನ ಬೀಗದಕ್ಕ ಸೊಂಟದಿಂದ ಬೀಗದಕೈ ತೆಗೆದು ನನ್ನ ಅಂಗೈಯಲ್ಲಿಟ್ಟಳು. "ಹುಷಾರಾಗಿರಿ ಮೇಡಂ. ಅಲ್ಲಿ ಚಹಾ ಚೆನ್ನಾಗಿರಲ್ವಂತೆ" ಎಂದಳು. ಅಷ್ಟೇ.

ಮೊದಲ ವಾರ ನಾನು ಸುಖವಾಗಿದ್ದೆ. ಅದನ್ನು ಮುಚ್ಚಿಡುವುದಿಲ್ಲ. ಐದೂವರೆಗೆ ಹೊರಟರೆ ಐದೂಮುಕ್ಕಾಲಿಗೆ ಮನೆ. ಶಾಲೆ ಮುಗಿದ ಮೇಲೆ ಮಗಳು ನೇರ ನನ್ನ ಕಚೇರಿಗೇ ಬಂದು, ಹಿಂದಿನ ಬೆಂಚಿನ ಮೇಲೆ ಕುಳಿತು ಲೆಕ್ಕ ಮಾಡುತ್ತಿದ್ದಳು. ಇಬ್ಬರೂ ಕೈ ಹಿಡಿದುಕೊಂಡು ಮನೆಗೆ ನಡೆಯುತ್ತಿದ್ದೆವು. "ಅಮ್ಮಾ, ಆ ಆಫೀಸು ಮುಚ್ಚಿದ್ದು ಒಳ್ಳೇದಾಯ್ತು ಅಲ್ವಾ?" ಎಂದು ಒಂದು ದಿನ ಕೇಳಿದಳು. ನಾನು ಅಂಗಡಿಯ ಕಡೆ ನೋಡುತ್ತಾ, ರಬ್ಬರು ಕೊಳ್ಳಬೇಕಿತ್ತಲ್ಲವೇ ನಿನಗೆ ಎಂದೆ.

ಎರಡನೇ ತಿಂಗಳು ಹಳೆಯ ವಾರ್ಡಿನ ದರ್ಜಿ ಬಂದ. ಅವನ ಹೆಂಡತಿಗೆ ಪಾರ್ಶ್ವವಾಯು ಹೊಡೆದು ಆರು ವರ್ಷವಾಗಿತ್ತು. ಮಾಸಾಶನ ನಿಲ್ಲಬಾರದೆಂದರೆ ವರ್ಷಕ್ಕೊಮ್ಮೆ ಅವಳು ಖುದ್ದಾಗಿ ಹಾಜರಾಗಬೇಕು. ವಾರ್ಡ್ ಕಚೇರಿಯಲ್ಲಿದ್ದಾಗ ಅವನು ಅವಳನ್ನು ತಳ್ಳುಗಾಡಿಯಲ್ಲಿ ಜಗಲಿಯವರೆಗೆ ತಂದರೆ, ನಾನೇ ಹೊರಗೆ ಹೋಗಿ ಹೆಬ್ಬೆಟ್ಟು ತೆಗೆದುಕೊಂಡು, ಜಗಲಿಯ ಕಟ್ಟೆಯ ಮೇಲೆ ಕಾಗದ ಇಟ್ಟು ಠಸ್ಸೆ ಒತ್ತುತ್ತಿದ್ದೆ. ಐದು ನಿಮಿಷದ ಕೆಲಸ.

ಮುಖ್ಯ ಕಚೇರಿಯಲ್ಲಿ ಹೆಬ್ಬೆಟ್ಟಿನ ಯಂತ್ರ ಮೂರನೇ ಮಹಡಿಯಲ್ಲಿತ್ತು. ಲಿಫ್ಟಿನ ಬಾಗಿಲಿಗೆ 'ದುರಸ್ತಿಯಲ್ಲಿದೆ' ಎಂಬ ಚೀಟಿ ಅಂಟಿಸಿ ಎಷ್ಟು ದಿನವಾಗಿತ್ತೋ, ಚೀಟಿಯೇ ಹಳದಿಯಾಗಿತ್ತು. ನಾನು ಮೇಲ್ವಿಚಾರಕರ ಬಳಿ ಓಡಿದೆ.

"ಸರ್, ಯಂತ್ರ ಕೆಳಗೆ ತರಬಹುದಾ? ಹತ್ತು ನಿಮಿಷ ಸಾಕು."

"ವೈರು ಎಳೆದಿರೋದೇ ಅಲ್ಲಿಗಮ್ಮ. ಕಿತ್ತರೆ ನಾಳೆ ಇಡೀ ಊರು ಬಂದು ನನ್ನ ತಲೆ ಮೇಲೆ ಕೂರುತ್ತೆ."

ನಾನು ತಿರುಗಿ ಬರುವಷ್ಟರಲ್ಲಿ ದರ್ಜಿ ಯಾರೋ ಇಬ್ಬರನ್ನು ಬೇಡಿಕೊಂಡು, ಹೆಂಡತಿಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಎತ್ತಿಸಿಕೊಂಡು ಮೆಟ್ಟಿಲು ಹತ್ತುತ್ತಿದ್ದ. ಎರಡನೇ ಮಹಡಿಯ ತಿರುವಿನಲ್ಲಿ ಕುರ್ಚಿ ವಾಲಿತು. ಅವಳು ಸರಿಯಿದ್ದ ಒಂದೇ ಕೈಯಿಂದ ಕಂಬಿಯನ್ನು ಹಿಡಿದುಕೊಂಡು ಬಿಡಲೊಲ್ಲಳು. ಆ ಹೊತ್ತಿಗೆ ಅವಳ ಸೀರೆ ಒದ್ದೆಯಾಗಿತ್ತು. ಮೆಟ್ಟಿಲಲ್ಲಿ ನಿಂತಿದ್ದ ಜನರೆಲ್ಲ ನೋಡಿ, ನೋಡದವರಂತೆ ಗೋಡೆಯ ಕಡೆ ತಿರುಗಿದರು. ನಾನು ಹತ್ತಿರ ಹೋಗಿ ಅವಳ ಬೆರಳನ್ನು ಒಂದೊಂದಾಗಿ ಬಿಡಿಸಿದೆ. ನನ್ನ ಗುರುತು ಸಿಕ್ಕಿ, ತೊದಲುತ್ತಾ, "ಠಸ್ಸೆ" ಎಂದು ಅರ್ಧ ಬಾಯಲ್ಲಿ ನಕ್ಕಳು.

ಕೆಲಸವಾದ ಮೇಲೆ ನನ್ನ ಶಾಲನ್ನು ಅವಳಿಗೆ ಹೊದಿಸಿ ಕೆಳಗೆ ಇಳಿಸಿದೆವು. ದರ್ಜಿ ಬೆವರು ಒರೆಸಿಕೊಳ್ಳುತ್ತಾ, "ನೀವಾದ್ರೂ ಏನ್ ಮಾಡ್ತೀರಾ ಮೇಡಂ, ಸರ್ಕಾರದ ಆರ್ಡರ್ರು" ಎಂದ. ಬೈದಿದ್ದರೆ ಬೇಕಿತ್ತು. ಬೈದರೆ ಎದುರು ಮಾತಾಡಲು ಏನಾದರೂ ಸಿಗುತ್ತಿತ್ತು.

ಆ ಭಾನುವಾರ ಬೀಗದಕ್ಕನ ಮನೆ ಹುಡುಕಿಕೊಂಡು ಹೋದೆ. ಅವಳು ಯಾವುದೋ ಖಾಸಗಿ ಕ್ಲಿನಿಕ್ಕಿನಲ್ಲಿ ನೆಲ ಒರೆಸುವ ಕೆಲಸಕ್ಕೆ ಸೇರಿದ್ದಳು. ಕೈಯ ಚರ್ಮ ಫಿನಾಯಿಲಿಗೆ ಸುಲಿದಿತ್ತು. ಕುರ್ಚಿ ಒರೆಸಿ ನನಗೆ ಕೊಟ್ಟು, ತಾನು ಹೊಸ್ತಿಲ ಬಳಿ ಕುಳಿತಳು.

ನಾನು ಸುತ್ತಿ ಬಳಸಿ ಮಾತಾಡಲಿಲ್ಲ. "ಅಕ್ಕಾ, ಅವತ್ತು ನಾನು ಸತ್ಯಕ್ಕೋಸ್ಕರ ಹಾಗೆ ಮಾಡಿದ್ದಲ್ಲ. ಮನೆ ಹತ್ರ ಆಗ್ಲಿ ಅಂತ ಮಾಡಿದ್ದು."

"ಗೊತ್ತು ಮೇಡಂ."

"ಯಾವಾಗ ಗೊತ್ತಾಯ್ತು?"

"ಅವತ್ತೇ. ಕೇಳೋಕೆ ಬಂದೋರನ್ನ ನೀವು ಎಂದೂ ಬರೆಯದೆ ಕಳಿಸಿದೋರಲ್ಲ. ಆ ತಿಂಗಳು ಮಾತ್ರ ಪುಸ್ತಕ ನಿಮ್ಮ ಕಡೆಗೇ ತಿರುಗಿರ್ತಿತ್ತು."

"ಮತ್ತೆ ಅವತ್ತೇ ಯಾಕೆ ಹೇಳ್ಲಿಲ್ಲ?"

ಅವಳು ಸೆರಗಿಗೆ ಕೈ ಒರೆಸಿಕೊಂಡಳು. ಆಮೇಲೆ ದನಿ ಏರಿಸದೆಯೇ ಹೇಳಿದಳು. "ನಿಮ್ಮ ಮಗು ಮೆಟ್ಟಿಲ ಮೇಲೆ ಕೂತಿರೋದು ನನಗೆ ಗೊತ್ತಿಲ್ವಾ? ನಾನೂ ಇಬ್ಬರನ್ನ ಹಾಗೇ ಬೆಳೆಸಿದೋಳು. 'ಅಕ್ಕಾ, ಹೀಗೆ, ನನ್ ಕೈಲಿ ಇನ್ನು ಆಗಲ್ಲ' ಅಂದಿದ್ರೆ, ಅತ್ತಾದ್ರೂ ಅರ್ಥ ಮಾಡ್ಕೊಳ್ತಿದ್ದೆ. ನೀವು ಸತ್ಯ ಅಂದ್ರಿ. ಹೊಟ್ಟೆಪಾಡಿಗೆ ಹನ್ನೆರಡು ಹೆಸರು ಕೇಳಿದ ನನ್ನನ್ನ ಸುಳ್ಳುಗಾತಿ ಮಾಡಿಬಿಟ್ರಿ. ಆ ರಾತ್ರಿ ನನಗೆ ನಾಚಿಕೆಯಾಗಿತ್ತು ಮೇಡಂ. ನನಗೆ!"

ಕೆಲಸ ಹೋಗಿದ್ದನ್ನು ಅವಳು ಎತ್ತಿ ಆಡುತ್ತಾಳೆ ಎಂದುಕೊಂಡು ಹೋಗಿದ್ದೆ. ಅವಳು ಹೇಳಿದ್ದನ್ನು ನಾನು ಯೋಚಿಸಿಯೇ ಇರಲಿಲ್ಲ. ಕ್ಷಮಿಸಿ ಎಂದೆ. ಹೊರಡುವಾಗ ಬಸ್ ಸ್ಟಾಪಿನವರೆಗೆ ಬಂದಳು.

ಮನೆಗೆ ಬಂದು ಗಂಡನಿಗೆ ಎಲ್ಲ ಹೇಳಿ, ಅಧಿಕಾರಿಗಳಿಗೆ ಬರೆದುಕೊಡುತ್ತೇನೆ ಎಂದೆ.

"ತಲೆ ಕೆಟ್ಟಿದೆಯಾ ನಿನಗೆ? ಇಲ್ಲದ ಊರ ಉಸಾಬರಿ ಯಾಕೆ? ಯಾರೂ ಕೇಳ್ತಾ ಇಲ್ಲ, ಯಾರಿಗೂ ಗೊತ್ತಿಲ್ಲ."

"ಒಬ್ಬರಿಗೆ ಗೊತ್ತಿದೆ" ಎಂದೆ.

ಪತ್ರದಲ್ಲಿ ಅಲಂಕಾರ ಏನೂ ಇರಲಿಲ್ಲ. ಆ ತಿಂಗಳು ವಿಚಾರಿಸಲು ಬಂದ ಸುಮಾರು ಅರವತ್ತು ಜನರನ್ನು ಬೇಕೆಂದೇ ಲೆಕ್ಕಕ್ಕೆ ಸೇರಿಸಲಿಲ್ಲ, ಕೆಲವರನ್ನು ಬೇಕೆಂದೇ ಮುಂದಿನ ತಿಂಗಳಿಗೆ ಕಳಿಸಿದೆ, ಅದರಿಂದ ನನಗೆ ಅನುಕೂಲವಿತ್ತು. ಇಷ್ಟೇ. ಅಧಿಕಾರಿಗಳು ಎರಡು ಸಲ ಓದಿದರು.

"ಇದನ್ನ ವಾಪಸ್ ತಗೊಳ್ಳಿ. ನಾನು ನಿಮಗೆ ಚಪ್ಪಾಳೆ ಹೊಡೆಸಿದೀನಿ."

"ಅದಕ್ಕೇ ಸರ್ ಬರೆದದ್ದು."

"ಉಳಿದ ಹದಿಮೂರು ಜನರ ಕಥೆ?"

"ಅದು ನನಗೆ ಗೊತ್ತಿಲ್ಲ ಸರ್. ನಂದು ನನಗೆ ಗೊತ್ತು."

ವಿಚಾರಣೆ ನಾಲ್ಕು ತಿಂಗಳು ನಡೆಯಿತು. ದರ್ಜಿ, ಲಾರಿ ಡ್ರೈವರು, ಇನ್ನೂ ಕೆಲವರು ಬಂದು ಹೇಳಿಕೆ ಕೊಟ್ಟರು. ಸಹೋದ್ಯೋಗಿಗಳು ನಾನು ಬಂದರೆ ಮಾತು ನಿಲ್ಲಿಸುತ್ತಿದ್ದರು, ಈ ಮಾತಿನ ಎಳೆ ಎಲ್ಲಿ ತಮ್ಮ ಪುಸ್ತಕದವರೆಗೆ ಬಂದೀತೋ ಎಂದು. ಕೊನೆಗೆ ನನ್ನ ವೇತನ ಬಡ್ತಿ ಎರಡು ವರ್ಷ ತಡೆಹಿಡಿದರು. ಹಳೆಯ ಕಟ್ಟಡದಲ್ಲಿ ವಾರಕ್ಕೆ ಎರಡು ದಿನ, ಮಂಗಳವಾರ ಮತ್ತು ಶುಕ್ರವಾರ, ಕೌಂಟರು ತೆರೆಯಬೇಕೆಂದು ಆದೇಶವಾಯಿತು. ಹೋಗಬೇಕಾದವಳು ನಾನೇ. ಎರಡು ದಿನದ ಕೌಂಟರಿಗೆ ಅಟೆಂಡರು ಮಂಜೂರಾಗುವುದಿಲ್ಲ ಎಂದು ಕೆಳಗೆ ಒಂದು ಸಾಲು ಇತ್ತು. ಅದನ್ನು ಬದಲಿಸಲು ಮೂರು ಪತ್ರ ಬರೆದೆ. 'ಪರಿಶೀಲಿಸಲಾಗುವುದು' ಎಂದು ಬಂತು.

ಮಗಳಿಗೆ ಪಕ್ಕದ ಮನೆಗೆ ಹೋಗಿ ಕೂರಲು ಹೇಳಿಕೊಟ್ಟಿದ್ದೇನೆ. ಆ ಎರಡು ದಿನ ಅವಳು ನನ್ನೊಡನೆ ಸರಿಯಾಗಿ ಮಾತಾಡುವುದಿಲ್ಲ.

ಕೌಂಟರು ತೆರೆದ ಮೂರನೇ ವಾರ ಬೀಗದಕ್ಕ ಬಂದಳು. ಕ್ಲಿನಿಕ್ಕಿನವರು ವಾಸದ ದೃಢೀಕರಣ ಕೇಳಿದ್ದರಂತೆ. ಸಾಲಿನಲ್ಲಿ ಐದನೆಯವಳಾಗಿ ನಿಂತು, ತನ್ನ ಸರದಿ ಬಂದಾಗ ಅರ್ಜಿ ಮುಂದಿಟ್ಟಳು. ಎಲ್ಲ ಜಾಗವನ್ನೂ ಸರಿಯಾಗಿ ತುಂಬಿದ್ದಳು. ನಾನು ಪುಸ್ತಕ ಅವಳ ಕಡೆ ತಿರುಗಿಸಿದೆ, ಸಹಿ ಮಾಡಿದಳು.

"ಒಳಗೆ ಬನ್ನಿ ಅಕ್ಕಾ, ಚಹಾ ಕಾಯಿಸ್ತೀನಿ."

ಅವಳು ಕಂಬಿಯ ಆಚೆಯಿಂದ ಹಿಂದಿನ ಕೋಣೆಯ ಕಡೆ ನೋಡಿದಳು. ನಾನೇ ಗುಡಿಸಿದ್ದ ಕಸ ಎತ್ತದೆ ಮೂಲೆಯಲ್ಲಿ ಉಳಿದಿತ್ತು.

"ಇನ್ನೊಂದು ದಿನ ಮೇಡಂ. ಹೊತ್ತಾದ್ರೆ ಅರ್ಧ ದಿನದ ಕೂಲಿ ಹಿಡೀತಾರೆ."

ಠಸ್ಸೆ ಒತ್ತಿಕೊಟ್ಟ ಪತ್ರವನ್ನು ನಾಲ್ಕಾಗಿ ಮಡಚಿ ರವಿಕೆಯೊಳಗೆ ಇಟ್ಟುಕೊಂಡು ಮೆಟ್ಟಿಲಿಳಿದಳು. ಅವಳು ಬೀದಿಯ ತಿರುವು ದಾಟುವವರೆಗೂ ನೋಡುತ್ತಿದ್ದೆ. ಸಾಲಿನಲ್ಲಿ ಮುಂದಿದ್ದವರು ಕೆಮ್ಮಿದರು. "ಹೇಳಿ, ಏನಾಗಬೇಕಿತ್ತು?" ಎಂದೆ.

"ಏನಿಲ್ಲ ಮೇಡಂ, ಸುಮ್ನೆ ಒಂದು ಮಾತು ಕೇಳೋಣ ಅಂತ ಬಂದೆ" ಎಂದರು. ಕೂರಿಸಿಕೊಂಡು ಹೇಳಿದೆ. ಅರ್ಧ ಗಂಟೆ ಹಿಡಿಯಿತು.