ವೋಚರಿನವರಿಗೆ ಮನೆಯಿಲ್ಲ

ಬೆಲ್ ಒತ್ತಿದ ಮೇಲೆ ಒಳಗಿನಿಂದ ಯಾರೂ ಬಾರದಿರಲಿ ಎಂದು ಬೇಡಿಕೊಳ್ಳುವುದು ತಪ್ಪೇ? ಲೀನಿಯಾಗೆ ಇದನ್ನು ಡೈರಿಯಲ್ಲಿ ಬರೆಯುವುದಕ್ಕೂ ಸಂಕೋಚ. ಮತ ಕೇಳಲು ಹೊರಟವಳೇ ಮನೆಯಲ್ಲಿ ಜನ ಇಲ್ಲದಿರಲಿ ಎಂದು ಹರಕೆ ಹೊತ್ತರೆ ಕೇಳಿದವರು ನಕ್ಕಾರು. ಆದರೆ ಬಾಗಿಲು ತೆರೆಯದ ಮನೆಯ ಹಿಡಿಕೆಗೆ ಕರಪತ್ರ ಸಿಕ್ಕಿಸಿ ಬಂದುಬಿಡಬಹುದು. ಮಾತಾಡುವ ಕಷ್ಟವಿಲ್ಲ.

ನವೆಂಬರ್ ಮತದಾನದಲ್ಲಿ ಊರಿನವರ ಮುಂದೆ ಎರಡನೇ ಪ್ರಶ್ನೆ ಎಂದೊಂದು ಇತ್ತು. ಬಾಡಿಗೆಯ ಹಣ ಎಲ್ಲಿಂದ ಬರುತ್ತದೆ ಎಂಬ ಕಾರಣಕ್ಕೆ ಯಾರಿಗೂ ಮನೆ ಇಲ್ಲವೆನ್ನಬಾರದು, ಅಂಥ ಕಾನೂನು ಬೇಕೋ ಬೇಡವೋ? ಸಂಬಳವೋ ಪಿಂಚಣಿಯೋ, ಇಲ್ಲಾ ಬಡವರ ಬಾಡಿಗೆಯ ಹೆಚ್ಚಿನ ಪಾಲನ್ನು ಸರ್ಕಾರವೇ ಕಟ್ಟುವ ವೋಚರೋ, ಯಾವುದಾದರೇನು? ಲೀನಿಯಾ 'ಬೇಕು' ಎನ್ನುವವರ ಕಡೆಯವಳು. ಅವಳಿದ್ದ ಮನೆಯ ಮುಂದಿನ ಹುಲ್ಲಿನಲ್ಲಿ ಮಾತ್ರ 'ಬೇಡ' ಎನ್ನುವ ಫಲಕ ನೆಟ್ಟಿತ್ತು.

ನೆಟ್ಟವರು ಅವಳ ಅತ್ತೆ, ಅಪ್ಪನ ಅಕ್ಕ ಆರ್ಡಿಸ್. ಹೋದ ವರ್ಷ ಅಮ್ಮ ತೀರಿಕೊಂಡಾಗ, "ಒಬ್ಬಳೇ ಎಲ್ಲಿ ಬಿದ್ದಿರ್ತೀಯ, ಬಾ" ಎಂದು ಕರೆತಂದು ಹಿಂದಿನ ಕೋಣೆ ಕೊಟ್ಟವರೂ ಅವರೇ. ಆ ಫಲಕವನ್ನು ದಾಟಿಕೊಂಡು ಮುಂಬಾಗಿಲಿನಿಂದ ಹೋಗಲು ಲೀನಿಯಾಗೆ ಕಾಲು ಬರುತ್ತಿರಲಿಲ್ಲ. ಕರಪತ್ರಗಳನ್ನು ಕೋಟಿನೊಳಗೆ ಅವುಚಿಕೊಂಡು ಹಿತ್ತಲಿನಿಂದ ಜಾರಿಕೊಳ್ಳುತ್ತಿದ್ದಳು.

"ಏನೇ ಅದು, ಕೋಟಿನೊಳಗೆ ಕೋಳಿ ಕದ್ಕೊಂಡು ಹೋಗ್ತಿದ್ದೀಯಾ?" ಎಂದರು ಆ ಶನಿವಾರ ಅತ್ತೆ, ಒಲೆಯ ಮುಂದಿನಿಂದ ತಿರುಗದೆಯೇ.

"ಇಲ್ಲ ಅತ್ತೆ, ಸುಮ್ನೆ..."

"ಸುಮ್ನೆ ಹೋಗು. ಟೋಪಿ ಹಾಕ್ಕೊಂಡು ಹೋಗು. ನನ್ನ ವಿರುದ್ಧ ಮತ ಕೇಳೋಳಿಗೆ ನೆಗಡಿಯಾದ್ರೆ ಸೂಪು ಕಾಯಿಸೋಳು ನಾನೇ ತಾನೆ."

ಅಂದು ಅವಳ ಪಾಲಿಗೆ ಬಂದದ್ದು ಹೆದ್ದಾರಿಯ ಪಕ್ಕದ ಮೋಟೆಲು. ಪ್ರವಾಸಿಗರಿಗೆಂದು ಕಟ್ಟಿದ್ದು, ಈಗ ಮನೆ ಸಿಗದವರು ವಾರದ ಲೆಕ್ಕದಲ್ಲಿ ಬಾಡಿಗೆ ಕಟ್ಟಿ ಉಳಿಯುವ ಜಾಗ. ಅಲ್ಲಿ ಬೆಲ್ಲೂ ಇರಲಿಲ್ಲ. ಬೆರಳಲ್ಲಿ ಮೆಲ್ಲಗೆ ತಟ್ಟಿದಳು, ಕೇಳಿಸದಿರಲಿ ಎನ್ನುವಷ್ಟು ಮೆಲ್ಲಗೆ. ಆದರೂ ಬಾಗಿಲು ತೆರೆಯಿತು.

"ಒಳಗೆ ಬಾ ಮಗಳೇ. ಮೂಗು ನೋಡು, ಟೊಮೇಟೊ ಆಗಿದೆ," ಎಂದಳು ಬಾಗಿಲು ತೆರೆದ ಹೆಂಗಸು. ವರ್ಲೀನ್ ಪೆಟ್ವೇ ಎಂದು ಹೆಸರು. ಶಾಲೆಯ ಅಡುಗೆಮನೆಯಲ್ಲಿ ಅರ್ಧ ದಿನದ ಕೆಲಸ. ಜೊತೆಗಿದ್ದ ಮೊಮ್ಮಗಳು ಬಚ್ಚಲಿನಲ್ಲಿದ್ದ, ನೀರಿಲ್ಲದ ಸ್ನಾನದ ತೊಟ್ಟಿಯಲ್ಲಿ ಕಾಲು ಚಾಚಿ ಕುಳಿತು ಲೆಕ್ಕ ಮಾಡುತ್ತಿದ್ದಳು. ಆ ಕೋಣೆಯಲ್ಲಿ ಸದ್ದಿಲ್ಲದ ಮೂಲೆ ಅದೊಂದೇ. ಲೀನಿಯಾಗೆ ಅದು ವಿಚಿತ್ರವೆನಿಸಲಿಲ್ಲ. ತೊಟ್ಟಿಯ ಥಂಡಿ ಬೆನ್ನಿಗೆ ಹತ್ತದಂತೆ ದಿಂಬನ್ನು ಎಲ್ಲಿ ಒತ್ತಿಡಬೇಕೆಂದು ಅವಳಿಗೂ ಗೊತ್ತಿತ್ತು.

"ನನ್ನ ಮತ ನಿಮಗೇ, ಕೇಳೋದೇ ಬೇಡ," ಎಂದಳು ವರ್ಲೀನ್. "ನನ್ನ ಹತ್ರ ವೋಚರ್ ಇದೆ. ಆ ಮಾತು ಬಾಯಿಂದ ಬಿದ್ರೆ ಸಾಕು, ಊರಿನ ಖಾಲಿ ಮನೆಗಳೆಲ್ಲ ಆಗಲೇ ಭರ್ತಿ. ಇಷ್ಟು ಬೇಗ ಮನೆ ತುಂಬಿಸೋ ಶಕ್ತಿ ನನಗಿದೆ ಅಂತ ನನಗೇ ಗೊತ್ತಿರ್ಲಿಲ್ಲ."

ಲೀನಿಯಾ ನಕ್ಕಳು. ಆಮೇಲೆ ಗೊತ್ತಾಯಿತು, ಈ ತಿಂಗಳೊಳಗೆ ಮನೆ ಹಿಡಿಯದಿದ್ದರೆ ಆ ವೋಚರ್ ರದ್ದಾಗುತ್ತದೆ. 'ಬೇಕು' ಗೆದ್ದರೂ ಕಾನೂನು ಜಾರಿಯಾಗುವುದು ಹೊಸ ವರ್ಷಕ್ಕೆ.

"ನಮ್ಮತ್ತೆಯ ಮನೇಲಿ ಮಹಡಿ ಖಾಲಿ ಇದೆ," ಎಂದುಬಿಟ್ಟಳು ಲೀನಿಯಾ. ಅತ್ತೆ ವೋಚರಿನವರಿಗೆ ಕೊಡುವುದಿಲ್ಲ ಎನ್ನುವ ಉಳಿದರ್ಧ ಮಾತು ಒಳಗೇ ಉಳಿಯಿತು. ವರ್ಲೀನಳ ಮುಖ ಅರಳಿದ ಮೇಲಂತೂ ಅದನ್ನು ಹೊರಗೆಳೆಯುವ ಧೈರ್ಯ ಅವಳಿಗಾಗಲಿಲ್ಲ.

ಮಹಡಿಯ ಮೆಟ್ಟಿಲಿನ ಪಕ್ಕದ ಕಿಟಕಿಯಲ್ಲಿ ವರ್ಷಾನುಗಟ್ಟಲೆಯಿಂದ ಒಂದು ರಟ್ಟು ಇತ್ತು. ತೀರಿಹೋದ ಮಾವ ದಪ್ಪಕ್ಷರದಲ್ಲಿ ಬರೆದದ್ದು: ನಾಯಿ ಬೇಡ, ಸಿಗರೇಟು ಬೇಡ, ವೋಚರಿನವರಿಗೆ ಮನೆಯಿಲ್ಲ. ಭಾನುವಾರ ಅತ್ತೆ ಚರ್ಚಿಗೆ ಹೋದಾಗ ಲೀನಿಯಾ ಅದನ್ನು ಕಿತ್ತು ತನ್ನ ಹಾಸಿಗೆಯ ಕೆಳಗೆ ತೂರಿಸಿದಳು. ಹಾಗೆ ಮಾಡಿದರೆ ಏನಾದೀತೆಂದು ಅವಳಿಗೇ ತಿಳಿದಿರಲಿಲ್ಲ.

ಮಧ್ಯಾಹ್ನ ಮನೆ ನೋಡಲು ಬಂದ ವರ್ಲೀನ್ ಬಾಗಿಲಲ್ಲೇ ಬೂಟು ಕಳಚಿಟ್ಟಳು. ಅತ್ತೆಗೆ ಅಲ್ಲೇ ಅರ್ಧ ಮನಸ್ಸಾಯಿತು. ಅತ್ತೆ ಮಾಡಿಕೊಟ್ಟ ಏಲಕ್ಕಿ ಬ್ರೆಡ್ಡಿನ ಮೊದಲ ತುತ್ತಿಗೇ, "ಏಲಕ್ಕಿ ಪುಡಿ ಅಂಗಡೀದಲ್ಲ ಇದು, ಕೈಯಲ್ಲೇ ಕುಟ್ಟಿದ್ದು," ಎಂದಳಲ್ಲ, ಉಳಿದರ್ಧವೂ ಆಯಿತು.

"ನೋಡಿದ್ಯೇನೇ?" ಎಂದು ಅತ್ತೆ ಲೀನಿಯಾಳ ಕಡೆ ತಿರುಗಿದರು. "ನೀನು ಒಂದು ವರ್ಷದಿಂದ ತಿಂತಾ ಇದ್ದೀಯ. ಒಂದಿನ ಹೇಳಿದ್ಯಾ?"

ಇಬ್ಬರೂ ಮಹಡಿ ಹತ್ತಿದರು. ಲೀನಿಯಾ ಹಿಂದೆ ಹಿಂದೆಯೇ ಹೋದಳು. ಸರೋವರ ಕಾಣುವ ಚಿಕ್ಕ ಕೋಣೆಯಲ್ಲಿ ವರ್ಲೀನ್ ಕಿಟಕಿಯ ಕೆಳಗಿನ ಜಾಗವನ್ನು ಗೇಣು ಹಾಕಿ ಅಳೆದಳು.

"ಇಲ್ಲಿ ಹುಡುಗಿಗೆ ಒಂದು ಮೇಜು ಹಾಕಬಹುದು," ಎಂದಳು. "ಅಮ್ಮಾ, ಮೊದಲೇ ಹೇಳ್ಬಿಡ್ತೀನಿ. ನನ್ನ ಬಾಡಿಗೇಲಿ ಹೆಚ್ಚಿನ ಪಾಲು ವೋಚರಿನಿಂದ ಬರುತ್ತೆ."

ಅತ್ತೆಯ ಕೈ ಬಾಗಿಲ ಹಿಡಿಕೆಯ ಮೇಲೆ ಹಾಗೇ ನಿಂತಿತು. "ನಿನ್ನೆ ಇನ್ನೊಬ್ಬರು ನೋಡ್ಕೊಂಡು ಹೋಗಿದ್ದಾರಮ್ಮ. ಅವರು ಏನಂತಾರೋ ಕೇಳಿ, ಫೋನ್ ಮಾಡಿಸ್ತೀನಿ."

ವರ್ಲೀನ್ ಒಮ್ಮೆ ಲೀನಿಯಾಳ ಮುಖ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು. "ಬ್ರೆಡ್ಡು ಬಹಳ ಚೆನ್ನಾಗಿತ್ತಮ್ಮ," ಎಂದು ಕೋಟಿನ ಗುಂಡಿ ಹಾಕಿಕೊಂಡು ಮೆಟ್ಟಿಲಿಳಿದಳು.

ಅತ್ತೆ ಅಡುಗೆಮನೆಗೆ ಬಂದು ಬಟ್ಟಲು ತೊಳೆದರು. ತೊಳೆದದ್ದನ್ನೇ ಮತ್ತೆ ತೊಳೆದರು.

"ಒಳ್ಳೇ ಹೆಂಗಸು ಕಣೆ. ಅದೇ ಬೇಜಾರು."

"ಮತ್ಯಾಕೆ ಅತ್ತೆ?"

"ಯಾಕೆ ಅಂದ್ರೆ? ಆ ವೋಚರ್ ಆಫೀಸಿನವರು ಮನೆ ತಪಾಸಣೆಗೆ ಅಂತ ಬರ್ತಾರೆ, ನಲ್ಲಿ ತಿರುಗಿಸ್ತಾರೆ, ಮೆಟ್ಟಿಲು ಅಲ್ಲಾಡಿಸ್ತಾರೆ. ನಿಮ್ಮ ಮಾವ ಬೆನ್ನು ಮುರ್ಕೊಂಡು ಹಾಕಿದ ನಲ್ಲಿಗೆ ಯಾವನೋ ಬಂದು ಪಾಸು ಫೇಲು ಅಂತ ಬರೀಬೇಕಾ? ಅವರಿದ್ದಿದ್ರೆ ಅಟ್ಟಿಸ್ಕೊಂಡು ಹೋಗ್ತಿದ್ರು." ಅತ್ತೆ ಕೈ ಒರೆಸಿಕೊಂಡರು. "ಅಲ್ಲಾ, ಆ ಕಿಟಕಿ ರಟ್ಟು ಎಲ್ಲಿ ಹೋಯ್ತು? ಅದಿದ್ದಿದ್ರೆ ಪಾಪ ಅವಳು ಮೆಟ್ಟಿಲೇ ಹತ್ತುತ್ತಿರ್ಲಿಲ್ಲ. ಎದುರಿಗೆ ಇಲ್ಲ ಅನ್ನಿಸ್ಕೊಂಡು ಯಾರಿಗೂ ಅವಮಾನ ಆಗ್ಬಾರ್ದು ಅಂತಲೇ ಅದನ್ನ ಹಾಕಿದ್ದು. ಓದ್ಕೊಂಡು ಸುಮ್ನೆ ಹೋಗ್ತಾರೆ, ಯಾರ ಮನಸ್ಸೂ ನೋಯಲ್ಲ."

ಅತ್ತೆ ಫೋನನ್ನು ಲೀನಿಯಾಳ ಮುಂದೆ ಸರಿಸಿದರು.

"ಒಂದರ್ಧ ಗಂಟೆ ಬಿಟ್ಟು ನೀನೇ ಫೋನ್ ಮಾಡು. ಆ ಇನ್ನೊಬ್ಬರು ಒಪ್ಪಿದ್ರಂತೆ ಅನ್ನು. ನಿನ್ನ ದನಿ ಮೆತ್ತಗಿದೆ. ನಾನಂದ್ರೆ ಗಂಟೆ ಬಾರಿಸಿದ ಹಾಗಿರತ್ತೆ."

ಅವಳು ಫೋನ್ ಎತ್ತಿಕೊಂಡಳು. ಒಪ್ಪಿದರಂತೆ. ಎಷ್ಟು ಚಿಕ್ಕ ಸುಳ್ಳು. ಮಾತೇ ಬಾರದವಳಿಗೂ ಸಲೀಸು. ಹೇಳಿದರೆ ಅತ್ತೆಯ ಮನೆಯಲ್ಲಿ ಅವಳ ಕೋಣೆ ಹೀಗೇ ಬೆಚ್ಚಗಿರುತ್ತದೆ. ಆ ಹುಡುಗಿಗೆ ಅದೇ ತೊಟ್ಟಿ. ಲೀನಿಯಾ ಫೋನನ್ನು ಬೋರಲಾಗಿ ಇಟ್ಟಳು.

"ಅತ್ತೆ, ನಾನು ಎರಡನೇ ಕ್ಲಾಸಲ್ಲಿದ್ದಾಗ ಒಂದ್ಸಲ ಅಮ್ಮ ನನ್ನ ಇಲ್ಲಿಗೆ ಕರ್ಕೊಂಡು ಬಂದಿದ್ರು. ನೆನಪಿದೆಯಾ?"

"ಇಲ್ದೆ ಏನು? ನಿಮ್ಮಪ್ಪ ನಿಮ್ಮನ್ನ ಬಿಟ್ಟು ಹೋದ ವರ್ಷ. ನೀನು ಬ್ರೆಡ್ಡು ತಿಂದು ಇನ್ನೊಂದು ಕೇಳ್ದೆ. ನಿಮ್ಮಮ್ಮ ಕೋಟೂ ಬಿಚ್ಚಲಿಲ್ಲ. ಬಸ್ಸು ತಪ್ಪತ್ತೆ ಅಂತ ನಿಂತ್ಕೊಂಡೇ ಹೊರಟ್ಲು. ಅತ್ತಿಗೆ ಮನೇಲಿ ಕೂತರೆ ಅವಳ ಗೌರವ ಕಡಿಮೆ ಆಗ್ತಿತ್ತು ಅಂತ ಕಾಣತ್ತೆ." ಅತ್ತೆ ಕುರ್ಚಿ ಎಳೆದು ಕುಳಿತರು. "ಯಾಕೆ, ಈಗ್ಯಾಕೆ ಆ ವಿಷಯ?"

ಇದನ್ನು ಲೀನಿಯಾ ಡೈರಿಯಲ್ಲೂ ಬರೆದಿರಲಿಲ್ಲ. ಈ ಸಲ ಮಾತು ಅರ್ಧಕ್ಕೆ ನಿಲ್ಲಲಿಲ್ಲ.

"ಬಸ್ಸು ಇರ್ಲಿಲ್ಲ ಅತ್ತೆ. ಅಮ್ಮನ ಚೀಲದಲ್ಲಿ ವೋಚರ್ ಇತ್ತು. ಮಹಡಿ ಮನೆ ಕೇಳೋಕೆ ಅಂತಲೇ ಬಂದಿದ್ವಿ. ಕಿಟಕೀಲಿದ್ದ ರಟ್ಟು ಓದಿ, ಅಮ್ಮ ಕೇಳಲೇ ಇಲ್ಲ."